ಹಡಗೇ ದಡಕ್ಕೆ ಬರುವ ಊರಿನಲ್ಲಿ

ಕೊರೆಯುವ ತಣ್ಣೀರಿನಲ್ಲಿ, ಹೆಚ್ಚು ಆಳವಿಲ್ಲದ ಕಡೆ ಮುಳುಗಿ ಕೂತ ಹಡಗನ್ನು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೋಡಿ ಬರುವ ಹವ್ಯಾಸ ಒಂದಿದೆ. ಅದಕ್ಕೆ ಹೆಸರಾದ ಜಾಗ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ. ಸೆರೆಸಿಕ್ಕಿದ್ದ ಜರ್ಮನ್ ನೌಕಾಪಡೆಯವರು 1919ರ ಜೂನ್ 21ರಂದು ತಮ್ಮ 52 ಹಡಗುಗಳನ್ನು ತಾವೇ ಅಲ್ಲಿ ಮುಳುಗಿಸಿದರು. ಗುಜರಿಗೆಂದು ಎತ್ತಿದ್ದು ಹೋಗಿ ಏಳು ದೊಡ್ಡವು ಈಗಲೂ ತಳದಲ್ಲಿವೆ. ನೀರು ಬೇಸಿಗೆಯಲ್ಲೂ 14 ಡಿಗ್ರಿ ದಾಟುವುದು ಅಪರೂಪ. ಜನವರಿಯ ಬೆಳಗ್ಗೆ 16 ಡಿಗ್ರಿ ಎಂದರೆ ಮಂಕಿ ಕ್ಯಾಪ್ ಹುಡುಕುವ ಮುಂಬಯಿಯ ಮುಲುಂಡಿನವರಿಗೆ ಹೇಳಿ ಮಾಡಿಸಿದ ಹವ್ಯಾಸವಲ್ಲ, ನಿಜ. ಆದರೆ ನನ್ನ ತಕರಾರು ಚಳಿಯದ್ದಲ್ಲ, ಖರ್ಚಿನದು. ಮುಂಬಯಿಯಲ್ಲಿ ಹಡಗು ತಾನಾಗಿ ನಮ್ಮನ್ನು ನೋಡಲು ಬರುವಾಗ ನಾವು ಅದನ್ನು ಹುಡುಕಿಕೊಂಡು ಮುಳುಗುವುದೇಕೆ?

ಸಾಕ್ಷಿ ಬೇಕೆಂದರೆ 2011ರ ಮಳೆಗಾಲ ಸಾಕು. ಗುಜರಿಯಾಗಲು ಅಲಂಗಿಗೆ ಹೊರಟಿದ್ದ ಎಂ.ವಿ. ವಿಸ್‌ಡಮ್, ಎಳೆಯುತ್ತಿದ್ದ ಹಗ್ಗ ಹರಿದು, ಜೂನ್‌ನಲ್ಲಿ ಜುಹೂ ಮರಳಿಗೆ ಬಂದು ಕೂತಿತು. ಜುಲೈ ಕೊನೆಗೆ ಪವಿತ್ ಎಂಬ ಎಣ್ಣೆ ಹಡಗು ಬಂತು. ಸಿಬ್ಬಂದಿ ಒಮಾನ್ ಬಳಿ ಬಿಟ್ಟು ಹೋದ ಮೇಲೆ ಇದು ಸುಮಾರು ಒಂದು ತಿಂಗಳು ಅರಬ್ಬೀ ಸಮುದ್ರದಲ್ಲಿ ಒಬ್ಬಂಟಿಯಾಗಿ ತೇಲಿ, ಕಾವಲಿನವರ ಯಾರ ಕಣ್ಣಿಗೂ ಬೀಳದೆ ಅದೇ ತೀರ ಸೇರಿತ್ತು. ನೋಡಲು ಉಪನಗರಗಳೇ ಎದ್ದು ಬಂದವು. ಮುಲುಂಡಿನವರಿಗೆ ಬೇಕಾಗಿದ್ದದ್ದು ದಾದರಿನಲ್ಲಿ ಗಾಡಿ ಬದಲಿಸುವ ತಾಳ್ಮೆಯೊಂದೇ. ಆಮ್ಲಜನಕದ ಕೊರತೆಯೇನಾದರೂ ಇದ್ದರೆ ಅದು ಲೋಕಲ್‌ನ ಒಳಗೆ ಮಾತ್ರ. ಕೈಯಲ್ಲಿ ಭೇಲ್ ಹಿಡಿದು ಹಡಗು ನೋಡುವ ಸೌಲಭ್ಯ ಸ್ಕಾಪಾ ಫ್ಲೋದಲ್ಲಿಲ್ಲ.

ಮರಳಿಗೆ ಸಿಕ್ಕಿದ್ದು ಮುಳುಗಿದಂತಾಗುವುದಿಲ್ಲ, ಎರಡನ್ನೂ ಆಮೇಲೆ ಎಳೆದುಕೊಂಡು ಹೋದರಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪಿದೆ. ತಣ್ಣೀರು ಹಳೆಯ ಹಡಗನ್ನು ಫ್ರಿಜ್ಜಿನಂತೆ ಕಾಪಾಡುತ್ತದೆ ಎಂಬುದೂ ಗಟ್ಟಿ ಮಾತೇ. ತಣ್ಣಗಿರುವುದಲ್ಲದೆ ಉಪ್ಪೂ ಕಡಿಮೆಯಿರುವ ಬಾಲ್ಟಿಕ್‌ನಲ್ಲಿ ಮರ ಕೊರೆಯುವ ಹುಳು ಬಾಳದ ಕಾರಣ, 1628ರಲ್ಲಿ ಮುಳುಗಿದ ಸ್ವೀಡನ್ನಿನ ವಾಸಾ 1961ರಲ್ಲಿ ಹೆಚ್ಚುಕಡಿಮೆ ಇಡಿಯಾಗಿಯೇ ಮೇಲೆ ಬಂತು. ನಮ್ಮ ಬೆಚ್ಚಗಿನ ಕಡಲಿನ ಹುಳುಗಳಿಗೆ ಅಷ್ಟು ಸಂಯಮವಿಲ್ಲ. ಇನ್ನು ಮುಂಬಯಿಯ ನೀರು ಕೊಳಕು, ಅದಕ್ಕೇ ಏನೂ ಕಾಣುವುದಿಲ್ಲ ಎನ್ನುವವರಿದ್ದಾರೆ. ಇದು ಅರ್ಧ ಸತ್ಯ. ಚರಂಡಿಯ ಪಾಲು ಇದ್ದೇ ಇದೆ. ಆದರೆ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಇಲ್ಲಿ ನೀರು 5 ಮೀಟರ್‌ವರೆಗೆ ಏರಿಳಿಯುತ್ತದೆ, ಆ ಭರದಲ್ಲಿ ತಳದ ಕೆಸರನ್ನೆಲ್ಲ ಕಲಕುತ್ತದೆ. ಮುಲುಂಡ್ ಪೂರ್ವದ ಮಿಠಾಗರ್ ರಸ್ತೆಯಾಚೆ, ಉಪ್ಪಿನ ಗದ್ದೆಗಳನ್ನು ದಾಟಿದರೆ ಸಿಗುವ ಠಾಣೆ ಖಾರಿಯೂ ಅದೇ ಕೆಸರಿನದು. ಅದರಲ್ಲಿ ಹುಟ್ಟುವ ಪಾಚಿಯನ್ನು ಸೋಸಿ ತಿನ್ನಲೆಂದೇ ಫ್ಲೆಮಿಂಗೊಗಳು ಗುಂಪುಗುಂಪಾಗಿ ಬಂದು ನಿಲ್ಲುತ್ತವೆ. 2022ರಲ್ಲಿ ಖಾರಿಗೆ ಮುಖ್ಯ ಜೌಗುಪ್ರದೇಶಗಳಿಗೆ ಸಿಗುವ ರಾಮ್ಸಾರ್ ಮನ್ನಣೆಯೂ ದೊರೆಯಿತು. ಮುಳುಗುಗಾರನಿಗಾಗಿ ನೀರು ತಿಳಿಯಾದರೆ ಹಕ್ಕಿ ಉಪವಾಸ ಬೀಳುತ್ತದೆ. ನನ್ನ ಮತ ಹಕ್ಕಿಗೆ.

ಇದಕ್ಕಿಂತ ದೊಡ್ಡ ಅಡ್ಡಿ ಪಂಚಾಂಗದ್ದು. ಎಂಎಸ್‌ಸಿ ಚಿತ್ರಾ ಮುಂಬಯಿ ಬಂದರಿನೆದುರು ಡಿಕ್ಕಿಯಾಗಿ ವಾಲಿದ್ದು 2010ರ ಆಗಸ್ಟ್‌ನಲ್ಲಿ. ಉಳ್ಳಾಲದಾಚೆ ಉಚ್ಚಿಲದ ಬಳಿ ಪ್ರಿನ್ಸೆಸ್ ಮಿರಾಲ್ ತಳ ಕಂಡದ್ದು 2022ರ ಜೂನ್‌ನಲ್ಲಿ. ನಮ್ಮ ಕರಾವಳಿಯ ಹಡಗುಗಳಿಗೆ ಮಳೆಗಾಲವೇ ಮುಹೂರ್ತ, ಸ್ಕೂಬಾದವರು ಅಂಗಡಿ ಮುಚ್ಚುವುದೂ ಅದೇ ಮಳೆಗಾಲಕ್ಕೆ. ರಾಮದಾಸ್ ಹಡಗೂ 1947ರ ಜುಲೈ 17ರಂದು, ಅಮಾವಾಸ್ಯೆಯ ಹಬ್ಬಕ್ಕೆ ರೇವಸ್ ಕಡೆಗೆ ಹೊರಟ ಜನರನ್ನು ತುಂಬಿಕೊಂಡು ಮುಂಬಯಿ ಬಂದರಿನಿಂದ ಕೆಲವೇ ಮೈಲಿ ದೂರದಲ್ಲಿ ಮುಳುಗಿತು. 600ಕ್ಕೂ ಹೆಚ್ಚು ಮಂದಿ ಸತ್ತರು. ಅಂಥ ಹಡಗಿನ ಮೇಲೆ ಕೆಸರು ಮುಚ್ಚಿಕೊಂಡಿದ್ದರೆ ಇರಲಿ ಬಿಡಿ, ಅದು ಪ್ರೇಕ್ಷಣೀಯ ಸ್ಥಳವಲ್ಲ. ಮುಳುಗಲೇಬೇಕೆಂಬ ಹಟವಿದ್ದವರು ಡಿಸೆಂಬರಿನಲ್ಲಿ ಠಾಣೆಯಲ್ಲಿ ಮತ್ಸ್ಯಗಂಧ ರೈಲು ಹತ್ತಿ ಮುರುಡೇಶ್ವರದಲ್ಲಿ ಇಳಿಯಿರಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ. ಅಲ್ಲಿ ನೀರು ಬೆಚ್ಚಗಿದೆ, ಕಣ್ಣೆದುರಿಗಿನ ಮೀನು ಕಾಣುತ್ತದೆ, ಮಂಕಿ ಕ್ಯಾಪ್ ಬೇಕಾಗುವುದಿಲ್ಲ.