ದೀರ್ಘಫಲಕ ಪದರ ಮೀಮಾಂಸೆ: ಕಂಬಂ ಕಣಿವೆಯ ಆಧಾರಗಳೊಂದಿಗೆ

ಮೊದಲಿಗೇ ಒಂದು ಆಕ್ಷೇಪವನ್ನು ಪರಿಹರಿಸಿಬಿಡಬೇಕು. ಕಂಬಂ ಕಣಿವೆಯಿರುವ ತಮಿಳುನಾಡಿನ ತೇನಿ ಜಿಲ್ಲೆಗೆ ಸಮುದ್ರವಿಲ್ಲ. ಪಕ್ಕದ ದಿಂಡಿಗಲ್ಲಿಗೂ ಇಲ್ಲ. ಹೀಗಿರುವಾಗ ಅಲೆಯ ಮೇಲೆ ನಿಂತು ಜಾರುವ ಒಂಬತ್ತಡಿ ಹಲಗೆಗೆ, ಅಂದರೆ ಲಾಂಗ್‌ಬೋರ್ಡಿಗೆ, ಫೈಬರ್‌ಗ್ಲಾಸ್ ಎಷ್ಟು ಪದರ ಹೊದಿಸಬೇಕೆಂಬ ಚರ್ಚೆಯನ್ನು ಕಂಬಂ ಕಣಿವೆಯಲ್ಲಿ ಕೂತು ನಡೆಸುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದ ಹಾಗಲ್ಲವೇ ಎಂದು ಕೆಲವರು ಮೂಗು ಮುರಿಯುತ್ತಾರೆ. ಉತ್ತರ ಸರಳ. ಮುಲ್ಕಿಯ ಶಾಂಭವಿ ಅಳಿವೆಯಲ್ಲೋ ಸಸಿಹಿತ್ಲಿನಲ್ಲೋ ಇರುವವರಿಗೆ ಶಾಸ್ತ್ರಕ್ಕೆ ಪುರುಸೊತ್ತೆಲ್ಲಿ? 2004ರಿಂದ ಮುಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಇದೆ, 2016ರಲ್ಲಿ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಸ್ಪರ್ಧೆಯೇ ನಡೆದುಹೋಯಿತು. ಅಲ್ಲಿಯವರು ಬೆಳಗಾದರೆ ಹಲಗೆ ಕಂಕುಳಲ್ಲಿಟ್ಟು ನೀರಿಗಿಳಿಯುತ್ತಾರೆ, ಭಾಷ್ಯ ಬರೆಯುವುದಿಲ್ಲ. ಅಲೆಯ ಉಪದ್ರವ ಇಲ್ಲದ ಕಡೆಯಲ್ಲೇ ಸಿದ್ಧಾಂತ ಹುಲುಸಾಗಿ ಬೆಳೆಯುವುದು.

ಇನ್ನು ವಸ್ತುನಿರೂಪಣೆ. ಹಲಗೆಯ ಒಡಲು ಫೋಮು. ಹಗುರ, ಹೆಬ್ಬೆರಳು ಒತ್ತಿದರೆ ತಗ್ಗು ಬೀಳುವಷ್ಟು ಮೆದು. ಅದರ ಮೇಲೆ ಗಾಜಿನ ನೂಲಿನ ಬಿಳಿ ಬಟ್ಟೆ ಹಾಸಿ, ರಾಳ ಸುರಿದು, ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಎಳೆಯುತ್ತ ಹೋದರೆ ಬಟ್ಟೆ ಕಣ್ಣೆದುರೇ ಮಾಯವಾಗುತ್ತದೆ. ನೇಯ್ಗೆ ಕರಗಿ ಫೋಮು ನಿಚ್ಚಳವಾಗಿ ಕಾಣುತ್ತದೆ. ಎಲ್ಲಾದರೂ ಬೆಳ್ಳಗೆ ಉಳಿಯಿತೆಂದರೆ ಅಲ್ಲಿ ರಾಳ ಕುಡಿದಿಲ್ಲ, ಗಾಳಿ ಕೂತಿದೆ ಎಂದರ್ಥ. ಈ ಬಟ್ಟೆಯನ್ನು ಕರೆಯುವುದು ಚದರ ಗಜದ ತೂಕದಿಂದ: ನಾಲ್ಕು ಔನ್ಸು, ಆರು ಔನ್ಸು. ಆರು ಔನ್ಸೆಂದರೆ ಚದರ ಮೀಟರಿಗೆ ಸುಮಾರು 200 ಗ್ರಾಂ.

ಇದಕ್ಕೆ ಸದೃಶವಾದ ವಸ್ತು ಕಣಿವೆಯ ನೆತ್ತಿಯಲ್ಲೇ ಇದೆ. ಮುಲ್ಲಪೆರಿಯಾರನ್ನು ಜನ ಈವರೆಗೆ ಅಣೆಕಟ್ಟು ಎಂದೇ ತಿಳಿದಿರುವುದು ಸಂಶೋಧನೆಯ ಕೊರತೆ. ವಸ್ತುತಃ ಅದು ಅಂಚಿನ ಮೇಲೆ ನಿಲ್ಲಿಸಿದ ಸುಮಾರು 1,200 ಅಡಿಯ ಲಾಂಗ್‌ಬೋರ್ಡು. ಪುರಾವೆ ಬೇಕೇ? 1887ರಿಂದ 1895ರವರೆಗೆ ಜಾನ್ ಪೆನ್ನಿಕುಯಿಕ್ ಅದನ್ನು ಕಟ್ಟಿಸಿದಾಗ ಒಡಲಿಗೆ ತುಂಬಿಸಿದ್ದು ಸುಣ್ಣ ಸುರ್ಕಿಯ ಕಾಂಕ್ರೀಟು. ಹಿಂದೂ ಮುಂದೂ ಹೊದಿಸಿದ್ದು ಕಲ್ಲಿನ ಕಟ್ಟಣೆ. ಒಳಗೊಂದು, ಹೊರಗೊಂದು. ಹವಾಯಿಯವರು ಆಗಿನ್ನೂ ಇಡೀ ಮರದ ಹಲಗೆಯ ಮೇಲೆ ನಿಲ್ಲುತ್ತಿದ್ದರು. ಸರ್ಫ್ ಹಲಗೆಗೆ ಗಾಜಿನ ಬಟ್ಟೆ ಬಂದದ್ದು 1940ರ ದಶಕದಲ್ಲಿ. ಆದ್ದರಿಂದ ಈ ವಿದ್ಯೆ ಕಣಿವೆಯಿಂದಲೇ ಹವಾಯಿಗೆ ಹೋಯಿತೆಂಬುದು ನಿರ್ವಿವಾದ. ಅಣೆಕಟ್ಟು ನಿಂತಿರುವುದು ಕೇರಳದ ಇಡುಕ್ಕಿಯಲ್ಲಿ ಎಂಬ ಸಣ್ಣ ತೊಡಕನ್ನು ನೀರು ಹರಿಯುವುದು ಇತ್ತ ಎಂಬ ದೊಡ್ಡ ಸತ್ಯ ನುಂಗಿಹಾಕುತ್ತದೆ. ಜೊತೆಗೆ 1886ರ ಒಪ್ಪಂದದಲ್ಲಿ 999 ವರ್ಷದ ಗುತ್ತಿಗೆ ಇದೆ. ಹಲಗೆ ಮಾರುವವರು ಯಾರೂ ಅಷ್ಟು ವರ್ಷದ ವಾರಂಟಿ ಕೊಟ್ಟದ್ದಿಲ್ಲ.

1979ರಲ್ಲಿ ಭದ್ರತೆಯ ಪ್ರಶ್ನೆ ಎದ್ದು ನೀರಿನ ಮಟ್ಟವನ್ನು 136 ಅಡಿಗೆ ಇಳಿಸಲಾಯಿತು. ಕೇಂದ್ರ ಜಲ ಆಯೋಗದ ಸಲಹೆಯಂತೆ ಆಮೇಲೆ ಮೂರು ಬಗೆಯ ಬಲ ಬಂತು: ನೆತ್ತಿಗೆ ಕಾಂಕ್ರೀಟಿನ ಟೊಪ್ಪಿಗೆ, ಮೇಲಿನಿಂದ ತಳದ ಬಂಡೆಯವರೆಗೆ ಕೊರೆದು ಬಿಗಿದ ಉಕ್ಕಿನ ಕೇಬಲ್ಲು, ಬೆನ್ನಿಗೆ ಬಲವರ್ಧಿತ ಕಾಂಕ್ರೀಟಿನ ಆಸರೆ. ಈ ಕೂಸಿಗೆ ಕುಲಾವಿ ಬಂದದ್ದು ಎಂಬತ್ತು ದಾಟಿದ ಮೇಲೆ ಎಂಬುದನ್ನು ಆಕ್ಷೇಪಕರು ಗಮನಿಸಬೇಕು. ಪದರಶಾಸ್ತ್ರಜ್ಞ ಗಮನಿಸುವುದು ಬೇರೆಯದನ್ನು. ಯಾರೂ ಅಣೆಕಟ್ಟಿಗೆ ಸುತ್ತಲೂ ಒಂದೇ ಸಮ ಬಳಿಯಲಿಲ್ಲ. ಭಾರ ಎಲ್ಲಿ ಬೀಳುತ್ತದೋ, ಎಲ್ಲಿ ಎಳೆಯುತ್ತದೋ, ಅಲ್ಲಿಗೆ ತಕ್ಕದ್ದನ್ನು ಕೊಟ್ಟರು. ಇಷ್ಟಾಗಿಯೂ ವಾದ ಮುಗಿಯದೆ ಸುಪ್ರೀಂ ಕೋರ್ಟು 2006ರಲ್ಲಿ ಒಮ್ಮೆ, 2014ರಲ್ಲಿ ಮತ್ತೊಮ್ಮೆ 142 ಅಡಿಯವರೆಗೆ ನೀರು ನಿಲ್ಲಿಸಬಹುದು ಎನ್ನಬೇಕಾಯಿತು. ಪದರ ಎಣಿಸಿದ ಮಾತ್ರಕ್ಕೆ ಎದುರುವಾದಿ ಸುಮ್ಮನಾಗುವುದಿಲ್ಲ.

ಈಗ ಪೂರ್ವಪಕ್ಷಗಳು. ದಿಂಡಿಗಲ್ಲಿನ ಪರೋಟ ಪಂಥದವರು ಪದರ ಹೆಚ್ಚಿದಷ್ಟೂ ಶ್ರೇಷ್ಠ ಎನ್ನುತ್ತಾರೆ. ಕಾವಲಿಯಿಂದ ತೆಗೆದ ಪರೋಟವನ್ನು ಎರಡು ಅಂಗೈ ನಡುವೆ ಬಡಿದು ಬಿಡಿಸುವುದನ್ನು ನೋಡಿದವರಿಗೆ ಈ ವಾದದ ಹುಳುಕು ತಾನಾಗಿ ಹೊಳೆಯುತ್ತದೆ: ಪರೋಟದ ಪದರ ಇರುವುದು ಬಿಡಿಸಿಕೊಳ್ಳಲು, ಹಲಗೆಯ ಪದರ ಇರುವುದು ಬಿಡದಿರಲು. ಬಿಸಿಲಿನ ಕಾರಿನಲ್ಲಿ ಮರೆತ ಹಲಗೆಯ ಚರ್ಮ ಉಬ್ಬಿ ಫೋಮಿನಿಂದ ಕಿತ್ತು ಬಂದರೆ ಅದು ಪರೋಟವಾಯಿತೆಂದೇ ಲೆಕ್ಕ. ಇನ್ನು ಏಕಪದರವಾದಿಗಳು. ಇವರು ದಿಂಡಿಗಲ್ಲಿನ ಬಂಡೆಯನ್ನು ತೋರಿಸಿ, ಮೈಸೂರಿನ ಫೌಜುದಾರನಾಗಿ 1755ರಲ್ಲಿ ಬಂದ ಹೈದರಾಲಿ ಬಲ ಬೆಳೆಸಿಕೊಂಡದ್ದು ಇದರ ಮೇಲಿನ ಕೋಟೆಯಿಂದಲ್ಲವೇ, ಬಂಡೆಗೆಷ್ಟು ಪದರ ಎನ್ನುತ್ತಾರೆ. ಬಂಡೆ ತೇಲುವುದಿಲ್ಲ ಎಂಬ ಒಂದೇ ಮಾತಿಗೆ ಈ ಪಕ್ಷ ಮುಳುಗುತ್ತದೆ. ರಾಳ ಸುರಿದಷ್ಟೂ ಗಟ್ಟಿ ಎನ್ನುವ ಮೂರನೆಯವರಿಗೆ ಉತ್ತರವೇ ದಂಡ; ಬಲ ಬಟ್ಟೆಯದು, ಮಿಕ್ಕ ರಾಳ ಬರೀ ಹೊರೆ. ಪಾಲಿಯೆಸ್ಟರ್ ರಾಳವನ್ನು ಥರ್ಮಾಕೋಲ್ ಜಾತಿಯ ಫೋಮಿನ ಮೇಲೆ ಸುರಿದರಂತೂ ಅದರೊಳಗಿನ ಸ್ಟೈರೀನು ಹಲಗೆಯನ್ನೇ ತಿಂದು ತೇಗುತ್ತದೆ. ಅಲ್ಲಿ ಎಪಾಕ್ಸಿಯೇ ಗತಿ.

ಹಾಗಾದರೆ ಬಟ್ಟೆಯನ್ನು ಆರಿಸುವುದು ಹೇಗೆ? ಇದಕ್ಕೆ ಕನ್ನಡದ್ದೇ ಪ್ರಮಾಣ ಇದೆ. ಕಂಬಂ ಸುತ್ತಮುತ್ತಲಿನ ಕಪ್ಪಿಲಿಯರ ಮನೆಮಾತು ಕನ್ನಡ. ದೇವರ ಹೆಸರಿನಲ್ಲಿ ದನದ ಹಿಂಡು ಸಾಕುವುದು ಅವರ ವಾಡಿಕೆ. ಹಿಂಡಿನ ರಾಜನಾದ 'ಪಟ್ಟದ ಆವು' ಸತ್ತರೆ ಮುಂದಿನವನನ್ನು ಆರಿಸುವ ಕ್ರಮವನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಬರೆದಿಟ್ಟಿದ್ದಾನೆ: ಕರ್ಪೂರ ಹಚ್ಚಿ, ಹಿಂಡಿನ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ, ಮೊದಲು ಕಬ್ಬಿನ ಬಳಿ ಬಂದ ಹೋರಿಗೆ ಪಟ್ಟ. ಪ್ರಕೃತ ಅಧ್ಯಯನದಲ್ಲೂ ನಾಲ್ಕು ಔನ್ಸು, ಆರು ಔನ್ಸಿನ ಸುರುಳಿಗಳ ಮುಂದೆ ಕಬ್ಬು ಇಟ್ಟು ಕಾಯಲಾಯಿತು. ಯಾವ ಬಟ್ಟೆಯೂ ಮುಂದೆ ಬರಲಿಲ್ಲ. ಕಬ್ಬನ್ನು ಸಹಸಂಶೋಧಕರು ತಿಂದರು.

ಆದಕಾರಣ ಸಿದ್ಧಾಂತ ಹೀಗೆ. ಕಾಲು, ಮಂಡಿ, ಹಿಮ್ಮಡಿ ಬೀಳುವ ಮೇಲ್ಮೈಗೆ ಆರು ಔನ್ಸಿನ ಎರಡು ಪದರ. ನಿಲ್ಲುವ ಜಾಗಕ್ಕೆ ಬೇಕಿದ್ದರೆ ಇನ್ನೊಂದು ತುಂಡು. ತಳಕ್ಕೆ ಆರು ಔನ್ಸಿನದು ಒಂದೇ. ಎರಡೂ ಕಡೆಯ ಬಟ್ಟೆ ಅಂಚಿನಲ್ಲಿ ಒಂದರ ಮೇಲೊಂದು ಬರಬೇಕು, ನಡುವೆ ಉದ್ದಕ್ಕೂ ಮರದ ಪಟ್ಟಿ ಇರಬೇಕು. ಇದಕ್ಕಿಂತ ಹೆಚ್ಚು ಹೊದಿಸಿದರೆ ಹಲಗೆ ಮುರಿಯುವುದಿಲ್ಲ ನಿಜ, ಹೊರುವವನ ಹೆಗಲು ಮುರಿಯುತ್ತದೆ. ಇಷ್ಟನ್ನು ಹಲಗೆ ಮಾಡುವ ಯಾವ ಕೆಲಸಗಾರನೂ ಒಂದೇ ಉಸಿರಿಗೆ ಹೇಳಿಯಾನು. ಆದರೆ ಹಾಗೆ ಹೇಳಿದವರಿಗೆ ಡಾಕ್ಟರೇಟು ಕೊಡುವ ಪದ್ಧತಿ ಇಲ್ಲ.

ಈ ಸಿದ್ಧಾಂತವನ್ನು ಪರೀಕ್ಷಿಸಬಯಸುವ ವಿದ್ವಾಂಸರು ತಮ್ಮ ಹಲಗೆಯೊಂದಿಗೆ ವೈಗೈ ಅಣೆಕಟ್ಟಿನ ದಡಕ್ಕೆ ಬರಬಹುದು. ಅಲೆಯನ್ನು ತಾವೇ ತರತಕ್ಕದ್ದು.