ವ್ಯಕ್ತಾವ್ಯಕ್ತ ಪಿಸ್ತೂಲು ಮೀಮಾಂಸೆ

ಸೊಂಟದ ಪಿಸ್ತೂಲು ಅಂಗಿಯ ಹೊರಗಿರಬೇಕೋ ಒಳಗಿರಬೇಕೋ ಎಂಬ ಜಿಜ್ಞಾಸೆ ಅಮೆರಿಕದ ಧರ್ಮಶಾಸ್ತ್ರಜ್ಞರನ್ನು ಎರಡು ಶತಮಾನಗಳಿಂದ ಕಾಡುತ್ತಿದೆ. ಅಸಲಿಗೆ ಅದು ಇರಲೇಬೇಕೇ ಎಂದು ಕೇಳುವವರು ಪಾಷಂಡಿಗಳು. ಅವರನ್ನು ಪ್ರಸ್ತುತ ಪ್ರಬಂಧದಿಂದ ಹೊರಗಿಡಲಾಗಿದೆ.

ಮೂಲಸೂತ್ರವೆಂದರೆ ಆಯುಧ ಹೊಂದುವ ಹಕ್ಕನ್ನು ಸಾರುವ, ಅಮೆರಿಕದ ಸಂವಿಧಾನದ 1791ರ ಎರಡನೇ ತಿದ್ದುಪಡಿ. ಇಂಗ್ಲಿಷಿನಲ್ಲಿ 27 ಪದ. ಸೂತ್ರಕಾರರು ಅಂಗಿಯ ಬಗ್ಗೆ ತುಟಿ ಬಿಚ್ಚಲಿಲ್ಲವಾದ್ದರಿಂದ ಭಾಷ್ಯಕಾರರ ಸಂಸಾರ ಸುಖವಾಗಿ ಸಾಗಿದೆ.

ಪ್ರಾಚೀನರೆಲ್ಲ ವ್ಯಕ್ತವಾದಿಗಳು. ಬಚ್ಚಿಟ್ಟ ಆಯುಧವನ್ನು ಕೆಂಟಕಿ 1813ರಷ್ಟು ಹಿಂದೆಯೇ ನಿಷೇಧಿಸಿತು, ಪ್ರಯಾಣಿಕರಿಗೆ ಮಾತ್ರ ವಿನಾಯಿತಿ. 1850ರಲ್ಲಿ ಲೂಸಿಯಾನಾದ ಸರ್ವೋಚ್ಚ ನ್ಯಾಯಾಲಯ ತೋರಿಸಿಕೊಂಡು ಓಡಾಡುವವನಲ್ಲಿ ಗಂಡಸುತನವನ್ನೂ, ಬಚ್ಚಿಟ್ಟುಕೊಂಡವನಲ್ಲಿ ಹೊಂಚುಕೊಲೆಗಾರನನ್ನೂ ಕಂಡಿತು. ಅರ್ವಾಚೀನರು ಇದನ್ನು ತಲೆಕೆಳಗು ಮಾಡಿದರು. ಈಗ ಬಚ್ಚಿಟ್ಟವನೇ ಸಭ್ಯ. ತೋರಿಸುವವನು ಮಕ್ಕಳನ್ನು ಬೆಚ್ಚಿಬೀಳಿಸುವ ಒರಟ. ಪಿಸ್ತೂಲು ಅದೇ, ಸೊಂಟ ಅದೇ, ಮರ್ಯಾದೆ ಮಾತ್ರ ಬಟ್ಟೆಯ ಒಳಮಗ್ಗುಲಿಗೆ ದಾಟಿತು. 1967ರ ಮೇ ತಿಂಗಳಲ್ಲಿ ಕಪ್ಪುವರ್ಣೀಯರ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಬಂದೂಕುಗಳನ್ನು ಎಲ್ಲರಿಗೂ ಕಾಣುವಂತೆ ಹಿಡಿದು ಕ್ಯಾಲಿಫೋರ್ನಿಯಾದ ಶಾಸನಸಭೆಯೊಳಗೆ ನಡೆದರು. ಗವರ್ನರ್ ರೇಗನ್ ಜುಲೈನಲ್ಲೇ ಗುಂಡು ತುಂಬಿದ ಬಂದೂಕನ್ನು ಬಹಿರಂಗವಾಗಿ ಹೊತ್ತು ತಿರುಗುವುದರ ನಿಷೇಧಕ್ಕೆ ಸಹಿ ಹಾಕಿದರು. ಗಂಡಸುತನಕ್ಕೆ ಚರ್ಮದ ಬಣ್ಣವೂ ಒಂದು ಉಪಾಧಿ ಎಂಬುದನ್ನು ಲೂಸಿಯಾನಾದವರು ಬರೆಯಲು ಮರೆತಿದ್ದರೇನೋ.

ಇನ್ನು ವಾಯುಪ್ರಕರಣ. ಫ್ಲಾರಿಡಾದಲ್ಲಿ 1987ರಿಂದ ಪರವಾನಗಿಯಿದ್ದರೆ ಬಚ್ಚಿಡಬಹುದಿತ್ತು, ತೋರಿಸಿದರೆ ಅಪರಾಧವಾಗಿತ್ತು. ಕಡಲಗಾಳಿಗೆ ಅಂಗಿ ಹಾರಿದರೆ ಪಾಪ ಯಾರದು, ತೊಟ್ಟವನದೋ ವಾಯುದೇವನದೋ? 2011ರಲ್ಲಿ ಶಾಸನಸಭೆ ಪ್ರಾಯಶ್ಚಿತ್ತ ವಿಧಿಸಿತು: ಪರವಾನಗಿದಾರನ ಪಿಸ್ತೂಲು ತುಸುಹೊತ್ತು ಕಂಡರೆ ದೋಷವಿಲ್ಲ, ಕೋಪದಿಂದಲೋ ಬೆದರಿಸಲೆಂದೋ ಬೇಕೆಂದೇ ತೋರಿಸಿರಬಾರದು. 2025ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು ತೋರಿಸುವುದರ ಮೇಲಿನ ನಿಷೇಧವನ್ನೇ ರದ್ದು ಮಾಡಿದ್ದರಿಂದ ವಾಯುದೇವ ಖುಲಾಸೆಯಾದ.

ಕೌಬಾಯ್ ಸಿನಿಮಾ ನೋಡಿ ಬೆಳೆದವರಿಗೆ ಟೆಕ್ಸಸ್ ನಿರಾಸೆ ತರುತ್ತದೆ. ಅಲ್ಲಿ ಪಿಸ್ತೂಲು ಹೊತ್ತು ತಿರುಗುವುದಕ್ಕೆ 1871ರಲ್ಲೇ ನಿಷೇಧ ಬಿತ್ತು. 1995ರ ಕಾಯಿದೆ ಪರವಾನಗಿ ಪಡೆದು ಬಚ್ಚಿಡಲು ಬಿಟ್ಟಿತು. ತೋರಿಸುವ ಯೋಗ ಬಂದದ್ದು 2016ರಲ್ಲಿ, ಅದೂ ಪಿಸ್ತೂಲಿನ ಚೀಲ ಬೆಲ್ಟಿನಲ್ಲೋ ಹೆಗಲಲ್ಲೋ ಇದ್ದರೆ ಮಾತ್ರ. ಬೇಡವೆನ್ನುವ ಅಂಗಡಿಯವನು ಬಾಗಿಲಲ್ಲಿ ಫಲಕ ಹಾಕಬೇಕು: ಬಚ್ಚಿಟ್ಟವರಿಗೆ 30.06ನೇ ಕಲಮಿನದು, ತೋರಿಸುವವರಿಗೆ 30.07ರದು. ಅಕ್ಷರ ಕನಿಷ್ಠ ಒಂದಂಗುಲ ಎತ್ತರ, ಇಂಗ್ಲಿಷೂ ಬೇಕು, ಸ್ಪ್ಯಾನಿಷೂ ಬೇಕು. 2021ರಲ್ಲಿ ಪರವಾನಗಿಯ ಅಗತ್ಯವೇ ಹೋಯಿತು, ಪರವಾನಗಿಯಿಲ್ಲದವರಿಗೆಂದು 30.05ರ ಮೂರನೇ ಫಲಕ ಬಂತು. ಕೇಕು ಕೊಳ್ಳಲು ಬಂದವನು ತಾನು ಯಾವ ಫಲಕಕ್ಕೆ ಸೇರಿದವನೆಂದು ಬಾಗಿಲಲ್ಲೇ ನಿಂತು ಆತ್ಮಾವಲೋಕನ ಮಾಡಿಕೊಳ್ಳಬೇಕು. ಕೇಕು ಕಾಣುವಷ್ಟು ಗಾಜು ಉಳಿದಿದ್ದರೆ ಅದು ಅಂಗಡಿಯವನ ಪುಣ್ಯ.

ಈ ಪ್ರಬಂಧ ಅತಿಯಾಯಿತು ಎನ್ನುವವರು 2022ರ ಬ್ರೂಯೆನ್ ತೀರ್ಪನ್ನು ಓದಬೇಕು. ಪಿಸ್ತೂಲು ಹೊತ್ತು ತಿರುಗುವ ಪರವಾನಗಿಗೆ ವಿಶೇಷ ಕಾರಣ ತೋರಿಸಬೇಕೆಂದು ನ್ಯೂಯಾರ್ಕಿನಲ್ಲಿ 1913ರಿಂದ ಬಂದ ನಿಯಮವನ್ನು ಸುಪ್ರೀಂ ಕೋರ್ಟು 6-3ರಿಂದ ತಳ್ಳಿಹಾಕಿತು. ನಿರ್ಬಂಧವೆಂದರೆ ಅದಕ್ಕೆ ದೇಶದ ಇತಿಹಾಸದಲ್ಲಿ ಪೂರ್ವಜರಿರಬೇಕು ಎಂದರು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್. ಪೂರ್ವಪಕ್ಷದವರು ಸಂತೆ-ಜಾತ್ರೆಗಳಲ್ಲಿ ಆಯುಧ ಧರಿಸಿ ತಿರುಗಬಾರದೆಂಬ 1328ರ ನಾರ್ಥಾಂಪ್ಟನ್ ಶಾಸನವನ್ನು ಧೂಳು ಕೊಡವಿ ತಂದರು. ಥಾಮಸ್ ಒಪ್ಪಲಿಲ್ಲ: ಪಿಸ್ತೂಲು ಯುರೋಪಿನಲ್ಲಿ ಕಾಣಿಸಿಕೊಂಡದ್ದೇ ಸುಮಾರು 16ನೇ ಶತಮಾನದ ನಡುಭಾಗದಲ್ಲಿ, ಆ ಶಾಸನದ ಚಿಂತೆ ಕವಚ-ಭರ್ಜಿಗಳದು. ಪಿಸ್ತೂಲು ಬಂದರೆ ಜನ ಬಿಲ್ವಿದ್ಯೆ ಮರೆತಾರು ಎಂಬ ಎಂಟನೇ ಹೆನ್ರಿಯ ಕೊರಗೂ ತೀರ್ಪಿನಲ್ಲಿ ಜಾಗ ಪಡೆಯಿತು.

ಸಂಗಾತಿಗೆ ಅಪಾಯವೆಂದು ನ್ಯಾಯಾಲಯವೇ ನಿರ್ಬಂಧಿಸಿದವನ ಕೈಯಿಂದ ಬಂದೂಕು ಕಸಿಯಬಹುದೇ ಎಂಬುದಕ್ಕೂ ಹಾಗಾಗಿ ಹಳೆಯ ಕಡತಗಳನ್ನೇ ಬಗೆಯಬೇಕಾಯಿತು. 2024ರ ರಹೀಮಿ ಮೊಕದ್ದಮೆಯಲ್ಲಿ 8 ನ್ಯಾಯಮೂರ್ತಿಗಳು ಪೂರ್ವಜರನ್ನು ಹುಡುಕಿ, ಕಸಿಯಬಹುದು ಎಂದರು. ಪೂರ್ವಜರು ಸಿಗಲಿಲ್ಲವೆಂದು ಭಿನ್ನಮತ ಬರೆದವರು ಒಬ್ಬರೇ, ಮೂಲ ಭಾಷ್ಯಕಾರ ಥಾಮಸ್.