ಗಾಳಿ ಎಷ್ಟು ಸಾರ್?

ಪೆಟ್ರೋಲ್ ಬಂಕಿನ ‘ಉಚಿತ ಗಾಳಿ’ ಬೋರ್ಡಿನ ಕೆಳಗೆ ಗಾಳಿ ಇದ್ದರೆ ಹುಡುಗ ಇರುವುದಿಲ್ಲ, ಹುಡುಗ ಇದ್ದರೆ ಗಾಳಿ ಇರುವುದಿಲ್ಲ. ಎರಡೂ ಕೂಡಿಬಂದ ಶುಭದಿನದಂದು ಹುಡುಗ ಪೈಪ್ ಎಳೆದುಕೊಂಡು ಬಂದು ‘ಎಷ್ಟು ಸಾರ್?’ ಎನ್ನುತ್ತಾನೆ. ನಾವು ಕಿಟಕಿ ಇಳಿಸಿ, ಸ್ವಲ್ಪ ಗತ್ತಿನಿಂದಲೇ ‘ಮೂವತ್ತಮೂರು’ ಎನ್ನುತ್ತೇವೆ. ಅದು ಮೂವತ್ತಮೂರು ಏನು, ಯಾವ ತೂಕ, ಯಾವ ಅಳತೆ ಎಂದು ಕೇಳಿಕೊಂಡವರು ಕಡಿಮೆ. ಕಾರಿನ ಬಾಗಿಲ ಒಳಮಗ್ಗುಲಿಗೆ ಅಂಟಿಸಿದ ಚೀಟಿಯಲ್ಲಿ ಹಾಗಿದೆ, ಸರ್ವಿಸಿನವರೂ ಹಾಗೇ ಹೇಳಿದ್ದಾರೆ. ಅಷ್ಟು ಸಾಕು.

ಇಂಥ ನೆಮ್ಮದಿಯ ಅಜ್ಞಾನದಲ್ಲಿ ಬದುಕುತ್ತಿರುವವನಿಗೆ ಒಂದು ದಿನ ಮನೆಯಲ್ಲೇ ಗಾಳಿಯಂತ್ರ ಇಟ್ಟುಕೊಳ್ಳುವ ಆಸೆ ಹುಟ್ಟುತ್ತದೆ. ಬೆಂಗಳೂರಿನಲ್ಲಿ ಸ್ವಂತ ಕಾರ್ ಶೆಡ್ ಇರುವ ಗಂಡಸರಿಗೆ ಒಂದು ವಯಸ್ಸಿನ ನಂತರ ತಗಲುವ ಖಾಯಿಲೆ ಇದು. ಮೊದಲು ಡ್ರಿಲ್ ಮಷಿನ್ ಬರುತ್ತದೆ. ಡ್ರಿಲ್ಲಿನ ಹಿಂದೆ ಗ್ರೈಂಡರ್, ಗ್ರೈಂಡರಿನ ಹಿಂದೆ ಬೆಂಚ್ ವೈಸು, ವೈಸನ್ನು ಕೂರಿಸಲು ಮೇಜು. ಕೊನೆಗೆ ಸಾಮಾನೆಲ್ಲ ಶೆಡ್ಡಿನೊಳಗೆ, ಕಾರು ರಸ್ತೆಯಲ್ಲಿ. ರಸ್ತೆಯ ಕಾರಿನ ಮೇಲೆ ಕೂರುವ ಧೂಳನ್ನು ಊದಿ ತೆಗೆಯಲು ಕಂಪ್ರೆಸರ್ ಬೇಕು ಎಂಬ ವಾದ ಆಮೇಲೆ ತಾನಾಗಿಯೇ ಸಿದ್ಧವಾಗುತ್ತದೆ. ನನ್ನ ವಾದವೂ ಹೆಚ್ಚುಕಡಿಮೆ ಇದೇ ಆಗಿತ್ತು. ಅದನ್ನು ಕೇಳಿ ನನ್ನಾಕೆ, ‘ರೀ, ನೀರು ದುಡ್ಡು ಕೊಟ್ಟು ತರಿಸ್ತಿದ್ದೀವಿ, ಇನ್ನು ಗಾಳಿಗೂನಾ?’ ಎಂದಳು. ಬೇಸಿಗೆಯಲ್ಲಿ ಟ್ಯಾಂಕರ್ ಕರೆಸುವ ಬಡಾವಣೆಯವರು ನಾವು, ಉತ್ತರಿಸುವುದು ಕಷ್ಟ.

ಎಸ್.ಪಿ. ರಸ್ತೆಗೆ ಹೋದರೆ ಉತ್ತರಗಳಿಗೆ ಕೊರತೆಯಿಲ್ಲ. ಅಲ್ಲಿಯ ಓಣಿಗಳಲ್ಲಿ ಅಂಗಡಿಯ ಮಾಲು ಅರ್ಧ ಒಳಗೆ, ಅರ್ಧ ಚರಂಡಿಯ ಮೇಲೆ. ಕೆಂಪು, ನೀಲಿ, ಹಳದಿ ಟ್ಯಾಂಕುಗಳು ಎರಡು ಚಕ್ರ, ಒಂದು ಹಿಡಿಕೆ ಹೊತ್ತು ಸಾಲಾಗಿ ನಿಂತಿರುತ್ತವೆ. ಒಂದರ ಮುಂದೆ ನಿಂತರೆ ಸಾಕು, ‘ತಗೊಳ್ಳಿ ಸಾರ್, ಎರಡು ಹೆಚ್‌ಪಿ, ಫುಲ್ ಕಾಪರ್ ವೈಂಡಿಂಗು’ ಎಂಬ ಮಂಗಳವಾಕ್ಯ ಕೇಳಿಸುತ್ತದೆ. ವೈಂಡಿಂಗ್ ತಾಮ್ರದ್ದೋ ಅಲ್ಯೂಮಿನಿಯಂನದ್ದೋ ಎಂಬುದು ನಿಜಕ್ಕೂ ಕೇಳಬೇಕಾದ ಪ್ರಶ್ನೆ. ತಾಮ್ರದ್ದು ಕಡಿಮೆ ಕಾಯುತ್ತದೆ, ಸುಟ್ಟರೂ ಮತ್ತೆ ಸುತ್ತಿಸಲು ಸುಲಭ. ಆದರೆ ಬಿಚ್ಚಿ ನೋಡುವ ಹಾಗಿಲ್ಲವಲ್ಲ! ಬಿಲ್ಲಿನಲ್ಲಿ ಬರೆದುಕೊಡಿ ಎಂದು ನೋಡಿ. ಆಗ ತಾಮ್ರದ ಮೇಲಿನ ಅಭಿಮಾನ ಎಷ್ಟೆಂದು ಗೊತ್ತಾಗುತ್ತದೆ.

ಹೆಚ್‌ಪಿ ಎಷ್ಟು, ಟ್ಯಾಂಕ್ ಎಷ್ಟು ಲೀಟರು, ಪ್ರೆಷರ್ ಎಷ್ಟು ಬಾರ್ ಎಂಬ ಮೂರು ಅಂಕಿಗಳನ್ನು ಎಲ್ಲ ಅಂಗಡಿಯವರೂ ಬಾಯಿಪಾಠ ಒಪ್ಪಿಸುತ್ತಾರೆ. ಬೇಕಾದ ನಾಲ್ಕನೆಯದನ್ನು ಕೇಳಿದರೆ ಮಾತ್ರ ‘ಅದೆಲ್ಲ ಬರುತ್ತೆ ಸಾರ್’ ಎನ್ನುತ್ತಾರೆ. ಅದು ಸಿಎಫ್‌ಎಂ: ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬ ಲೆಕ್ಕ. ಒಂದು ಘನ ಅಡಿಯೆಂದರೆ ಸುಮಾರು 28 ಲೀಟರು. ಟ್ಯಾಂಕು ದೊಡ್ಡದಾದರೆ ಗಾಳಿ ಹೆಚ್ಚು ಎಂದು ನಂಬುವುದು, ತಾರಸಿಯ ಮೇಲೆ ದೊಡ್ಡ ಸಿಂಟೆಕ್ಸ್ ಕೂರಿಸಿದರೆ ಬೋರ್‌ವೆಲ್ಲಿನಲ್ಲಿ ನೀರು ಹೆಚ್ಚುತ್ತದೆ ಎಂದು ನಂಬಿದ ಹಾಗೆ. ತುಂಬುವುದು ಪಂಪು; ಟ್ಯಾಂಕು ಕಾಯ್ದಿಟ್ಟುಕೊಳ್ಳುತ್ತದೆ ಅಷ್ಟೆ.

ಇಲ್ಲೊಂದು ಚಿಕ್ಕ ಲೆಕ್ಕ ಹಾಕಿಬಿಡೋಣ. ಕಾರಿನ ಟೈರಿನಲ್ಲಿ 28 ಇದ್ದದ್ದನ್ನು 33 ಪಿಎಸ್‌ಐಗೆ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ; ಬಂಕಿನ ಮೂವತ್ತಮೂರು ಇದೇ) ಏರಿಸಲು ಬೇಕಾಗುವುದು ಹತ್ತು ಲೀಟರಿನ ಆಸುಪಾಸು ಗಾಳಿ. 24 ಲೀಟರಿನ ಟ್ಯಾಂಕನ್ನು 8 ಬಾರ್‌ಗೆ, ಅಂದರೆ 116 ಪಿಎಸ್‌ಐಗೆ ತುಂಬಿಸಿದರೆ ನಾಲ್ಕು ಚಕ್ರ, ಸ್ಟೆಪ್ನಿ, ಪಕ್ಕದ ಮನೆಯ ಮೇಷ್ಟ್ರ ಸ್ಕೂಟರು ಎಲ್ಲಕ್ಕೂ ಮೋಟಾರ್ ಮತ್ತೆ ಓಡದೆಯೇ ಗಾಳಿ ಆಗುತ್ತದೆ. ಸ್ಪ್ರೇ ಗನ್ನಿನ ಕತೆ ಬೇರೆ. ಬಾಗಿಲಿಗೆ, ಬೀರುವಿಗೆ ಬಣ್ಣ ಹೊಡೆಯುವ ಸಾಧಾರಣ ಗನ್ನು ನಿಮಿಷಕ್ಕೆ 200 ಲೀಟರ್ ಗಾಳಿ ಕುಡಿಯಬಲ್ಲದು. ಇಂಥ ಪುಟ್ಟ ಪಂಪು ಕೊಡುವುದು ಅದರ ಅರ್ಧ ಎಂದುಕೊಂಡರೂ, ಟ್ಯಾಂಕಿನಲ್ಲಿ ಕೂಡಿಟ್ಟದ್ದು ಒಂದು ನಿಮಿಷದ ಆಚೀಚೆಗೆ ಮುಗಿಯುತ್ತದೆ. ಬಣ್ಣ ಮಂಜಿನಂತಿದ್ದದ್ದು ಉಗುಳಾಗಿ ಬೀಳತೊಡಗುತ್ತದೆ. ನೀವು ಗನ್ ಹಿಡಿದು ಸುಮ್ಮನೆ ನಿಲ್ಲುತ್ತೀರಿ, ಮೋಟಾರು ಏದುಸಿರು ಬಿಡುತ್ತದೆ, ಹೊಡೆದ ಬಣ್ಣ ಒಣಗುತ್ತದೆ. ಅಗ್ಗದ ಕಂಪ್ರೆಸರುಗಳು ಹತ್ತು ನಿಮಿಷದಲ್ಲಿ ಐದು ನಿಮಿಷ ವಿಶ್ರಾಂತಿ ಕೇಳುವ ಜಾತಿಯವು. ಬಿಡುವಿಲ್ಲದೆ ದುಡಿಸಿದರೆ ಪಿಸ್ಟನ್ ರಿಂಗು ಹೋಗುತ್ತದೆ.

ಇದಕ್ಕೆಲ್ಲ ಒಗ್ಗರಣೆಯಾಗಿ ಊರಿನ ಎತ್ತರ ಬೇರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವುದರಿಂದ ಇಲ್ಲಿಯ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲಿ ಒಂದು ಪಾಲು ಕಮ್ಮಿ. ಅದೇ ಯಂತ್ರ ಘಟ್ಟ ಹತ್ತಿ ಬಂದರೆ ಅಷ್ಟರಮಟ್ಟಿಗೆ ಸೋಮಾರಿ. ಮಂಗಳೂರಿನವರು ಇದನ್ನೋದಿ ಬೀಗಬೇಕಿಲ್ಲ, ಅವರ ಪಾಲಿನದ್ದು ಮುಂದೆ ಬರುತ್ತದೆ.

ಇನ್ನು ಎಣ್ಣೆಯದೋ ಎಣ್ಣೆಯಿಲ್ಲದ್ದೋ ಎಂಬ ದ್ವೈತಾದ್ವೈತ. ಪಂಕ್ಚರ್ ಅಂಗಡಿಯ ಮೂಲೆಯಲ್ಲಿ ಬೆಲ್ಟ್ ಸುತ್ತಿಕೊಂಡು, ದೊಡ್ಡ ಚಕ್ರ ತಿರುಗಿಸುತ್ತಾ, ಮೈಯೆಲ್ಲ ಜಿಡ್ಡಾಗಿ ‘ಢಗ್ ಢಗ್’ ಎನ್ನುವುದು ಎಣ್ಣೆಯ ಕಂಪ್ರೆಸರು. ನಿಧಾನ, ಭಾರ, ದೀರ್ಘಾಯುಷಿ. ಎಣ್ಣೆಯ ಮಟ್ಟ ನೋಡುತ್ತಿರಬೇಕು, ಕಾಲಕಾಲಕ್ಕೆ ಬದಲಿಸಬೇಕು. ಗಾಳಿಯ ಜೊತೆ ಒಂದಿಷ್ಟು ಎಣ್ಣೆಯ ಹನಿಯೂ ಹೊರಡುವುದರಿಂದ ಬಣ್ಣಕ್ಕೆ ಬಳಸುವವರು ಫಿಲ್ಟರ್ ಹಾಕಿಕೊಳ್ಳಬೇಕು. ಎಣ್ಣೆಯಿಲ್ಲದ್ದು ಹಗುರ, ಸೇವೆ ಕೇಳುವುದಿಲ್ಲ, ಆದರೆ ಆಯಸ್ಸು ಕಡಿಮೆ, ಬಾಯಿ ಜೋರು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಲಗುವ ಹಿರಿಯರಿರುವ ಬೀದಿಯಲ್ಲಿ ಅದನ್ನು ಚಾಲೂ ಮಾಡಿದರೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ಹೆಸರು ಬರುತ್ತದೆ. ಈಗ ‘ಸೈಲೆಂಟ್’ ಎಂದು ಬರೆದುಕೊಂಡ ಮಾಲು ಸಿಗುತ್ತದೆ. ಮೋಟಾರು ನಿಧಾನವಾಗಿ, ನಿಮಿಷಕ್ಕೆ 1400 ಸುತ್ತಿನ ಆಸುಪಾಸಿನಲ್ಲಿ ತಿರುಗುವುದೇ ಅದರ ಗುಟ್ಟು. ಪಕ್ಕದಲ್ಲಿ ನಿಂತು ಮಾತಾಡಬಹುದು ಎಂಬಷ್ಟಕ್ಕೆ ಮಾತ್ರ ಅದು ಸೈಲೆಂಟು. ನನ್ನನ್ನು ಕೇಳಿದರೆ, ಮನೆಯ ಶೆಡ್ಡಿಗೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತರುವುದು ಒಳ್ಳೆಯದು. ನೆರೆಹೊರೆಯ ಬೆಲೆ ಯಾವ ಕೊಟೇಶನ್ನಿನಲ್ಲೂ ಇರುವುದಿಲ್ಲ.

ಸೈಕಲ್ಲಿಗೂ ಗಾಳಿಗೂ ನಮ್ಮ ಕಡೆ ಒಂದು ಹಳೆಯ ನಂಟಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಅಣ್ಣನ ಜೊತೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟದ್ದು 1888ರಲ್ಲಿ. ಅದೇ ಮನೆತನದ ಉದ್ಯಮ ಬೆಳೆದೂ ಬೆಳೆದು, ಕಂಪ್ರೆಸರುಗಳಿಗೆಂದೇ ಪುಣೆಯಲ್ಲಿ ಕಿರ್ಲೋಸ್ಕರ್ ನ್ಯೂಮ್ಯಾಟಿಕ್ ಶುರುವಾದದ್ದು 1958ರಲ್ಲಿ. ಎರಡು ವರ್ಷದ ನಂತರ ಕೊಯಮತ್ತೂರಿನಲ್ಲಿ ಇನ್ನೊಂದು ಕಂಪ್ರೆಸರ್ ಕಂಪನಿ ಎಲ್ಜಿ ಬಂತು. ಅದಕ್ಕೂ ಹಿಂದೆ ನಮ್ಮ ಹಳ್ಳಿಗಳ ಕಂಪ್ರೆಸರು ಎಂದರೆ ಕುಲುಮೆಯ ತಿದಿ. ಅದಕ್ಕೆ ಕರೆಂಟಿನ ಬದಲು ಶಾಲೆ ತಪ್ಪಿಸಿದ ಹುಡುಗರು ಸಾಕಾಗುತ್ತಿದ್ದರು.

ಮಂಗಳೂರಿನವರ ಪಾಲು ಈಗ. ಗಾಳಿಯಲ್ಲಿರುವ ನೀರಿನ ಆವಿಯೂ ಗಾಳಿಯ ಜೊತೆಗೇ ಟ್ಯಾಂಕಿನೊಳಗೆ ಹೋಗುತ್ತದೆ. ಗಾಳಿಯನ್ನು ಒಂಬತ್ತನೇ ಒಂದು ಪಾಲಿಗೆ ಹಿಂಡಿದಾಗ ಅಷ್ಟು ಆವಿಗೆ ಅಲ್ಲಿ ಜಾಗವಿಲ್ಲ. ತಣಿದು ನೀರಾಗಿ ತಳಕ್ಕಿಳಿಯುತ್ತದೆ. ಕರಾವಳಿಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಟ್ಯಾಂಕಿನ ಹೊಟ್ಟೆಯಡಿ ಹೆಬ್ಬೆರಳಿನಷ್ಟು ದಪ್ಪದ ಒಂದು ಹಿತ್ತಾಳೆಯ ತಿರುಪಿದೆ. ಸ್ವಲ್ಪ ಗಾಳಿ ಉಳಿದಿರುವಾಗ ಅದನ್ನು ಸಡಿಲಿಸಿದರೆ ಬುಸ್ಸೆಂದು ಮೊದಲು ಮಂಜು, ಆಮೇಲೆ ಕಾಚಿನ ಬಣ್ಣದ ನೀರು ಚಿಮ್ಮಿ ನೆಲದ ಮೇಲೆ ಬೀಸಣಿಗೆಯಾಕಾರದ ಕಲೆ ಬಿಡಿಸುತ್ತದೆ. ಆ ಬಣ್ಣ ಟ್ಯಾಂಕಿನ ಒಳಗೋಡೆಯ ತುಕ್ಕು. ಕೆಲಸ ಮುಗಿದಾಗಲೆಲ್ಲ ನೀರು ಬಿಡದವರ ಟ್ಯಾಂಕು ಒಳಗಿನಿಂದ ತೆಳ್ಳಗಾಗುತ್ತಾ ಹೋಗುತ್ತದೆ, ಎಂಟು ಬಾರ್ ಒತ್ತಡ ಹೊತ್ತುಕೊಂಡೇ. ಪಕ್ಕದಲ್ಲಿರುವ ಸೇಫ್ಟಿ ವಾಲ್ವಿನ ಉಂಗುರವನ್ನೂ ಆಗಾಗ ಎಳೆದು ಬದುಕಿದೆಯೇ ನೋಡಬೇಕು. ಉಳಿತಾಯವೆಂದು ಮನೆಯ ನೀರಿನ ಪಿವಿಸಿ ಪೈಪನ್ನು ಗಾಳಿಗೆ ಜೋಡಿಸುವವರಿದ್ದಾರೆ. ಅದು ಒಡೆದರೆ ಚೂರುಚೂರಾಗಿ ಸಿಡಿಯುತ್ತದೆ. ಬಟ್ಟೆಯ ಧೂಳನ್ನು ಇದರಿಂದ ಊದಿಕೊಳ್ಳುವುದೂ ಬೇಡ, ಚರ್ಮದ ಗಾಯದೊಳಗೆ ಗಾಳಿ ನುಗ್ಗಿದರೆ ತಮಾಷೆಯಲ್ಲ.

ವೈರಿನ ಮಾತೂ ಇದೆ. ಮೋಟಾರು ಹೊರಡುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ದೀಪಾವಳಿಯ ಸೀರಿಯಲ್ ಸೆಟ್ಟಿಗೆಂದು ತಂದ ಉದ್ದನೆಯ ತೆಳು ಎಕ್ಸ್‌ಟೆನ್ಷನ್ನಿಗೆ ಸಿಕ್ಕಿಸಿದರೆ ಅದು ಗುಂಯ್ ಎನ್ನುತ್ತಾ ನಿಂತಲ್ಲೇ ಕಾಯುತ್ತದೆ. ದೂರಕ್ಕೆ ಬೇಕಾದರೆ ಗಾಳಿಯ ಪೈಪು ಉದ್ದವಾಗಲಿ, ವೈರು ಗಿಡ್ಡವಿರಲಿ.

ಟೈರಿಗೆ ಮಾತ್ರ ಸಾಕೆನ್ನುವವರಿಗೆ ಕಂಪ್ರೆಸರೇ ಬೇಡ. ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ ಅಂಗೈಯಗಲದ ಇನ್‌ಫ್ಲೇಟರ್ ಸಾಕು, ಕೇಳಿದ ಒತ್ತಡಕ್ಕೆ ತಾನೇ ನಿಲ್ಲುವಂಥದ್ದೂ ಇದೆ. ಧೂಳು ಊದಲು, ಮೊಳೆ ಹೊಡೆಯುವ ಗನ್ನಿಗೆ, ಸಣ್ಣಪುಟ್ಟ ಬಣ್ಣಕ್ಕೆ 24 ಲೀಟರಿನ ಎಣ್ಣೆರಹಿತ ಸೈಲೆಂಟ್ ಸರಿಹೋಗುತ್ತದೆ. ಬೀರು, ಬಾಗಿಲು, ಗೇಟೆಲ್ಲ ಹೊಡೆಯುವ ಹಂಬಲವಿದ್ದರೆ 50 ಲೀಟರಿಗೆ ಕಡಿಮೆಯಿಲ್ಲದ ಎಣ್ಣೆಯದು ತೆಗೆದುಕೊಳ್ಳಿ, ಇಲ್ಲವೇ ಪೇಂಟರನ್ನು ಕರೆಯಿರಿ. ಎರಡನೆಯದೇ ಅಗ್ಗ.

ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಖಾಲಿ ಟ್ಯಾಂಕಿನಿಂದ ಶುರುಮಾಡಿಸಿ, ಮುಳ್ಳು ಎಂಟು ಬಾರ್ ಮುಟ್ಟುವವರೆಗೆ ಕೈಗಡಿಯಾರ ನೋಡಿ. ಲೀಟರನ್ನು ಬಾರಿನಿಂದ ಗುಣಿಸಿ, ನಿಮಿಷದಿಂದ ಭಾಗಿಸಿ, ಬಂದದ್ದನ್ನು 28ರಿಂದ ಭಾಗಿಸಿದರೆ ಹೆಚ್ಚುಕಡಿಮೆ ನಿಜವಾದ ಸಿಎಫ್‌ಎಂ. 24 ಲೀಟರಿನದು ಎರಡು ನಿಮಿಷದಲ್ಲಿ ತುಂಬಿದರೆ ಮೂರೂವರೆಗೆ ಸ್ವಲ್ಪ ಕಡಿಮೆ. ಡಬ್ಬಿಯ ಮೇಲೆ ಏಳೆಂದು ಬರೆದಿದ್ದರೂ ಅಷ್ಟೇ. ಪ್ಲಗ್ ಹಾಕಿ ತೋರಿಸಲು ಒಪ್ಪದಿದ್ದರೆ ಜಗಳ ಬೇಡ, ಪಕ್ಕದ ಅಂಗಡಿಗೆ ಹೋಗಿ. ಎಸ್.ಪಿ. ರಸ್ತೆಯಲ್ಲಿ ಪಕ್ಕದ ಅಂಗಡಿಗೇನೂ ಬರವಿಲ್ಲ.